ಬೋರ್ಡು ಬೆನ್ನಿಗೆ ಕಟ್ಟಿಕೊಂಡು ಹತ್ತುವುದೇ ವಾಸಿ: ಸ್ನೋಶೂ ಮತ್ತು ಸ್ಪ್ಲಿಟ್‌ಬೋರ್ಡ್

ಗುಲ್ಮಾರ್ಗಿನಲ್ಲಿ ಗೊಂಡೊಲಾ (ಕೇಬಲ್ ಕಾರ್) ಬಿಟ್ಟು, ಹಿಮದ ಗುಡ್ಡವನ್ನು ಕಾಲ್ನಡಿಗೆಯಲ್ಲೇ ಹತ್ತಿ ಸ್ನೋಬೋರ್ಡ್ ಎಂಬ ಹಲಗೆಯ ಮೇಲೆ ಜಾರಿ ಇಳಿಯುವ ಆಸೆ ನಿಮಗಿದೆಯೇ? ನೀವು ಹೊಸಬರು, ಮನೆ ಕಲಬುರಗಿ ಕಡೆ ಎಂದಾದರೆ ಸ್ನೋಶೂ ತಗೊಳ್ಳಿ, ಅಂದರೆ ಹಿಮದಲ್ಲಿ ಹೆಚ್ಚು ಹುಗಿಯದಂತೆ ಬೂಟಿನಡಿ ಕಟ್ಟುವ ಅಗಲ ಚೌಕಟ್ಟು. ಮಾಮೂಲಿ ಬೋರ್ಡು ಬೆನ್ನಿಗೆ ಕಟ್ಟಿಕೊಳ್ಳಿ. ಸ್ಪ್ಲಿಟ್‌ಬೋರ್ಡಿನ ವಿಡಿಯೋ ನೋಡಿ ಮನಸೋಲಬೇಡಿ.

ನಾವು ಹೋದದ್ದು ಮೂವರು ದೋಸ್ತರು. ಆಳಂದದವನು ಹೋದ ಚಳಿಗಾಲದ ಕೊನೆಗೇ ಒಂದು ಸೆಕೆಂಡ್ ಹ್ಯಾಂಡ್ ಸ್ಪ್ಲಿಟ್‌ಬೋರ್ಡ್ ಕೊಂಡಿಟ್ಟಿದ್ದ. ನಾನೂ ಸೇಡಂದವನೂ ಅಲ್ಲೇ ಬಾಡಿಗೆಗೆ ಬೋರ್ಡು, ಸ್ನೋಶೂ ತಗೊಂಡೆವು. ಗುಲ್ಮಾರ್ಗಿನ ಮೇಲಿರುವ ಖಿಲನ್‌ಮಾರ್ಗಿನ ಕಡೆ ಹತ್ತುವಾಗ ಅದಲುಬದಲು ಮಾಡಿಕೊಂಡು ಎರಡನ್ನೂ ಕಾಲಿಗೆ ಹಾಕಿ ನೋಡಿದ್ದೇವೆ.

ಸ್ಪ್ಲಿಟ್‌ಬೋರ್ಡ್ ಉದ್ದಕ್ಕೆ ಎರಡು ಹೋಳಾಗುತ್ತದೆ. ಹತ್ತುವಾಗ ಎರಡು ಸ್ಕೀ, ಇಳಿಯುವಾಗ ಒಂದು ಬೋರ್ಡು. ಹೋಳುಗಳ ಅಡಿಗೆ ಸ್ಕಿನ್ ಎಂಬ ಪಟ್ಟಿ ಅಂಟಿಸಬೇಕು. ಅದರ ಒಂದು ಮೈ ಅಂಟು, ಇನ್ನೊಂದು ಮೈ ನೈಲಾನ್ ಅಥವಾ ಮೊಹೇರ್ (ಅಂಗೋರಾ ಮೇಕೆಯ) ಕೂದಲು. ಬೆಕ್ಕಿನ ಬೆನ್ನು ಸವರಿದ ಹಾಗೆ, ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ತಡೆ. ಹಾಗಾಗಿ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ.

ಹತ್ತುವುದರಲ್ಲಿ ಸ್ಪ್ಲಿಟ್ಟೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಕಾಲು ಎತ್ತಿ ಇಡುವ ಕೆಲಸವಿಲ್ಲ, ತಳ್ಳುತ್ತ ಹೋದರೆ ಸಾಕು. ಬೋರ್ಡಿನ ಭಾರವೂ ಬೆನ್ನ ಮೇಲಿಲ್ಲ. ಸಮುದ್ರಮಟ್ಟದಿಂದ 450 ಮೀಟರ್ ಎತ್ತರದ ನಮ್ಮೂರಿನಿಂದ 2,650 ಮೀಟರಿನ ಗುಲ್ಮಾರ್ಗಿಗೆ ಹೋದವರಿಗೆ ಇದು ಸಣ್ಣ ಲಾಭವಲ್ಲ. ಅಪ್ಪನ ಕೆರೆ ಸುತ್ತ ದಿನಾ ವಾಕಿಂಗ್ ಮಾಡಿದ ಶ್ವಾಸ ಅಲ್ಲಿ ಯಾವ ಲೆಕ್ಕಕ್ಕೂ ಬರಲಿಲ್ಲ.

ಆದರೆ ಆ ಸ್ಕಿನ್ನಿನ ಅಂಟು! ಅದನ್ನು ತಂಪಾದ, ಒಣ ಜಾಗದಲ್ಲಿ ಇಡಬೇಕು. ಆಳಂದದವನು ಸ್ಕಿನ್ನುಗಳನ್ನು ಅಂಟಿಗೆ ಅಂಟು ಸೇರಿಸಿ ಮಡಚಿ, ಮಾಳಿಗೆ ಮೇಲಿನ ತಗಡಿನ ಕೋಣೆಯ ಟ್ರಂಕಿನಲ್ಲಿಟ್ಟಿದ್ದ. ನಮ್ಮ ಕಡೆ ಮೇ ತಿಂಗಳಲ್ಲಿ ನೆರಳಲ್ಲೇ 42 ಡಿಗ್ರಿ ದಾಟುತ್ತದೆ, ತಗಡಿನ ಕೆಳಗಿನ ಮಾತು ಕೇಳುವುದೇ ಬೇಡ. ಡಿಸೆಂಬರಿನಲ್ಲಿ ಬಿಚ್ಚಿದರೆ ಅಂಟು ಎಳೆ ಎಳೆಯಾಗಿ ಬಂತು. ಒಂದು ಪಟ್ಟಿಯದು ಅಲ್ಲಲ್ಲಿ ಪೂರ್ತಿ ಕಿತ್ತು ಇನ್ನೊಂದಕ್ಕೆ ಹತ್ತಿಕೊಂಡಿತ್ತು. ಉಳಿದದ್ದನ್ನಾದರೂ ಕಾಪಾಡೋಣವೆಂದು ಫ್ರಿಜ್ಜಿನಲ್ಲಿಟ್ಟರೆ ಅವನ ತಾಯಿ, "ಹಾಲು ಮೊಸರು ಇಡೋ ಜಾಗದಾಗ ಇದೇನೋ, ತೆಗಿ ಮೊದಲ" ಎಂದು ಹೊರಗೆ ಹಾಕಿಸಿದರು. ಹಳೆ ಅಂಟು ಪೂರ್ತಿ ಕೆರೆದು ಹೊಸದು ಬಳಿಯಬಹುದು, ಆದರೆ ಆ ಅಂಟು ನಮ್ಮ ಸೂಪರ್ ಮಾರ್ಕೆಟಿನ ಯಾವ ಅಂಗಡಿಯಲ್ಲಿ ಸಿಗಬೇಕು?

ಅದೇ ಸ್ಕಿನ್ ಹಿಡಿದುಕೊಂಡು ಬಂದ. ಹತ್ತುವ ದಾರಿ ಅರ್ಧ ಆಗುವಷ್ಟರಲ್ಲಿ ಎಡಗಾಲಿನದು ಹಿಂದಿನ ತುದಿಯಿಂದ ಬಿಟ್ಟುಕೊಂಡಿತು. ಒಮ್ಮೆ ಅಂಟಿನ ಮೇಲೆ ಹಿಮ ಕೂತರೆ ಮುಗಿಯಿತು, ಒರೆಸಿ ಒಣಗಿಸುವತನಕ ಅದು ಹಿಡಿಯುವುದಿಲ್ಲ. ಗೈಡ್ ತನ್ನ ಬ್ಯಾಗಿನಿಂದ ರಬ್ಬರ್ ಪಟ್ಟಿ ತೆಗೆದು ಸ್ಕಿನ್ನನ್ನೂ ಸ್ಕೀಯನ್ನೂ ಸೇರಿಸಿ ಬಿಗಿದ. ಆ ಪಟ್ಟಿ ಹೆಜ್ಜೆ ಹೆಜ್ಜೆಗೂ ಹಿಮ ತೋಡುತ್ತ ಬಂತು.

ಮೇಲೆ ಮುಟ್ಟಿದ ಮೇಲೆ ಇನ್ನೊಂದು ಕಥೆ. ಬೂಟು ಹಿಡಿದಿಡುವ ಬೈಂಡಿಂಗ್ ಬಿಚ್ಚಬೇಕು, ಸ್ಕಿನ್ ಕಿತ್ತು ಮಡಚಬೇಕು, ಎರಡು ಹೋಳು ಕೂಡಿಸಿ ಕೊಕ್ಕೆ ಹಾಕಬೇಕು, ಬೈಂಡಿಂಗ್ ಅಡ್ಡಲಾಗಿ ತೂರಿಸಿ ಪಿನ್ ಸಿಕ್ಕಿಸಬೇಕು. ಬೈಂಡಿಂಗ್ ತೂರುವ ಜಾಗದಲ್ಲಿ ಹಿಮ ಗಟ್ಟಿಯಾಗಿ ಕೂತಿತ್ತು. ಕೈಗವಸು ಹಾಕಿಕೊಂಡು ಆಗದ ಕೆಲಸ ಅದು. ಅವನು ಬರಿಗೈಯಲ್ಲಿ ಹೋಟೆಲ್ ಕೋಣೆಯ ಕೀಲಿಯಿಂದ ಕೆರೆಯುತ್ತ ಕೂತ. ಬೆರಳ ತುದಿ ಬೆಳ್ಳಗಾದವು. ಸೇಡಂದವನು ಆಗಲೇ ಸ್ನೋಶೂ ಬಿಚ್ಚಿ ಬ್ಯಾಗಿಗೆ ಸಿಕ್ಕಿಸಿ, ಬೋರ್ಡು ಕಾಲಿಗೆ ಕಟ್ಟಿಕೊಂಡು ಕೂತಿದ್ದ.

"ಇನ್ನಾ ಆಗಿಲ್ಲೇನಲೇ?"

"ತಡೀಲೇ, ಒಳಗ ಬರ್ಫ್ ಕುಂತದ."

ಬೆವತ ಮೈ ಗಾಳಿಗೆ ಆರಿ ಮೂವರಿಗೂ ನಡುಕ ಹತ್ತಿತು. ಪಳಗಿದವರು ಇದನ್ನೆಲ್ಲ ಕೆಲವೇ ನಿಮಿಷದಲ್ಲಿ ಮುಗಿಸುತ್ತಾರೆ, ನಿಜ. ಪಳಗಲು ಹಿಮ ಬೇಕು, ನಮ್ಮಲ್ಲಿ ಎಲ್ಲಿದೆ? ಕಾಯುತ್ತ ಕೂತಾಗ ಬ್ಯಾಗಿನ ಚಾಕೊಲೇಟ್ ಕಲ್ಲಾಗಿತ್ತು. ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಕಡಕ್ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಗೆ ಚಳಿಯೂ ಇಲ್ಲ ಮಳೆಯೂ ಇಲ್ಲ.

ಸ್ನೋಶೂದಲ್ಲಿ ಕೊರತೆ ಇಲ್ಲವೇ? ಇದೆ. ಹೊಸ ಹಿಮದಲ್ಲಿ ಮೊಳಕಾಲತನಕ ಹುಗಿಯುತ್ತದೆ, ತೊಡೆ ಉರಿಯುತ್ತದೆ. ಬೆನ್ನ ಮೇಲಿನ ಬೋರ್ಡು ಮರದ ಕೊಂಬೆಗೆ ತಾಗಿ ಹಿಮವೆಲ್ಲ ಕುತ್ತಿಗೆಯೊಳಗೆ ಬೀಳುತ್ತದೆ. ಗಾಳಿ ಬಂದರೆ ಮೈಯನ್ನೇ ತಿರುಗಿಸುತ್ತದೆ. ಆದರೆ ನಡೆಯುವುದು ಬಂದರೆ ಸ್ನೋಶೂ ಬಂತು. ಸ್ಪ್ಲಿಟ್ಟಿನಲ್ಲಿ ಏರಿನ ಮೇಲೆ ನಿಂತು ಒಂದೊಂದೇ ಕಾಲು ಎತ್ತಿ ದಿಕ್ಕು ಬದಲಿಸುವ ಕಿಕ್ ಟರ್ನ್ ಕಲಿಯಬೇಕು. ನಾನು ತಿರುಗಿದ್ದಕ್ಕಿಂತ ಬಿದ್ದದ್ದೇ ಹೆಚ್ಚು.

ಇಳಿಯುವಾಗ ನಮ್ಮಂಥವರಿಗೆ ಎರಡೂ ಒಂದೇ. ಹಿಮ್ಮಡಿ ಅಂಚಿನ ಮೇಲೆ ಅಡ್ಡಡ್ಡ ಜಾರುವವನಿಗೆ ಬೋರ್ಡಿನ ಸೂಕ್ಷ್ಮ ಏನು ಗೊತ್ತಾಗಬೇಕು?

ದುಡ್ಡಿನ ಮಾತು. ನಾವು ಕೇಳಿದ ಕಡೆ ಸ್ಪ್ಲಿಟ್ಟಿನ ಬಾಡಿಗೆ ಮಾಮೂಲಿ ಬೋರ್ಡು, ಸ್ನೋಶೂ ಎರಡೂ ಸೇರಿದ್ದಕ್ಕಿಂತ ಬಹಳ ಹೆಚ್ಚಿತ್ತು. ಹೊಸದು ಕೊಳ್ಳಲು ಹೋದರೆ ಬೋರ್ಡು, ಬೈಂಡಿಂಗ್, ಸ್ಕಿನ್ ಸೇರಿ ಲಕ್ಷ ದಾಟುತ್ತದೆ. ಸ್ನೋಶೂ ನಾನು ಬಂದ ಮೇಲೆ ಸ್ವಂತಕ್ಕೇ ಕೊಂಡೆ. ಕರ್ನಾಟಕ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಸೀಟಿನ ಕೆಳಗೆ ಬ್ಯಾಗಿನೊಳಗೇ ಹಿಡಿಯುತ್ತದೆ. ಆಳಂದದವನ ಬೋರ್ಡಿನ ಚೀಲಕ್ಕೆ ದಿಲ್ಲಿತನಕ ಎದುರು ಸೀಟಿನವರ ಜೊತೆ ದಿನವಿಡೀ ತಕರಾರು.

ಯಾವುದನ್ನು ಆರಿಸಿದರೂ ಬೀಕನ್ (ಹಿಮದಡಿ ಹುಗಿದವರ ಜಾಗ ತೋರಿಸುವ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಹತ್ತಿರ ಇರಲಿ, ಗೈಡ್ ಇರಲಿ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಹುಗಿದವರನ್ನು 15 ನಿಮಿಷದೊಳಗೆ ತೆಗೆಯದಿದ್ದರೆ ಬದುಕುವ ಆಸೆ ಬೇಗ ಬೇಗ ಕರಗುತ್ತದೆ. 2023ರ ಫೆಬ್ರವರಿಯಲ್ಲಿ ಗುಲ್ಮಾರ್ಗಿನ ಅಫರ್ವತ್ ಗುಡ್ಡದಲ್ಲೇ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹಿಮಕುಸಿತಕ್ಕೆ ಸತ್ತರು. ಬಾಡಿಗೆಯಲ್ಲಿ ಉಳಿದ ದುಡ್ಡನ್ನು ನಾವು ಬೀಕನ್ನಿಗೆ ಹಾಕಿದೆವು.

ವರ್ಷದಲ್ಲಿ ತಿಂಗಳುಗಟ್ಟಲೆ ಮನಾಲಿಯಲ್ಲೋ ಗುಲ್ಮಾರ್ಗಿನಲ್ಲೋ ಇರುವವರು ಸ್ಪ್ಲಿಟ್ ಕೊಳ್ಳಲಿ. ಆಳಂದದವನದು ಮಾರಾಟಕ್ಕಿದೆ. ಬೋರ್ಡು ಚೆನ್ನಾಗಿದೆ, ಸ್ಕಿನ್ ಮಾತ್ರ ಹೊಸದು ತರಬೇಕು.