ವಾಲ್ಡೆನ್‌ಸ್ಟ್ರಾಮ್ ರೋಗಿಗಳಿಗೆ ನೆರವು: ಹೊರದೇಶದ ಸಂಸ್ಥೆಗೋ, ಊರಿನ ಆಸ್ಪತ್ರೆಗೋ?

ವಾಲ್ಡೆನ್‌ಸ್ಟ್ರಾಮ್ ಅಪರೂಪದ ರಕ್ತದ ಕ್ಯಾನ್ಸರ್. ಸ್ವೀಡನ್ನಿನ ವೈದ್ಯ ಯಾನ್ ವಾಲ್ಡೆನ್‌ಸ್ಟ್ರಾಮ್ 1944ರಲ್ಲಿ ಇದನ್ನು ವಿವರಿಸಿದರು. ಐಜಿಎಂ ಎಂಬ ಪ್ರೋಟೀನ್ ಜಾಸ್ತಿಯಾಗಿ ರಕ್ತ ದಪ್ಪಗಾಗಬಹುದು. ಕೆಲವರಿಗೆ ವರ್ಷಗಟ್ಟಲೆ ಔಷಧಿಯೇ ಬೇಡ, ಆಗಾಗ ಪರೀಕ್ಷೆ ಸಾಕು. ಆದರೆ ‘ಕ್ಯಾನ್ಸರ್ ಇದೆ, ಸುಮ್ನೆ ಕಾಯಿರಿ’ ಅಂದರೆ ಮನೆಯವರಿಗೆ ನಿದ್ದೆ ಬರುತ್ತದಾ? ಇದನ್ನು ಬಿಡಿಸಿ ಹೇಳುವವರು ಬೇಕು.

ಅಮೆರಿಕದ ಇಂಟರ್‌ನ್ಯಾಷನಲ್ ವಾಲ್ಡೆನ್‌ಸ್ಟ್ರಾಮ್ಸ್ ಮ್ಯಾಕ್ರೋಗ್ಲೋಬ್ಯುಲಿನೀಮಿಯಾ ಫೌಂಡೇಶನ್ ಮಾಡುವುದು ಇದನ್ನೇ. ಉಚಿತ ಪುಸ್ತಿಕೆಗಳು, ಬೆಂಬಲ ಗುಂಪುಗಳು, ಜೊತೆಗೆ ಸಂಶೋಧನೆಗೂ ಹಣ. ಇದೊಂದೇ ಕಾಯಿಲೆಗೆ ಮೀಸಲು ಎನ್ನುವುದು ದೊಡ್ಡ ಅನುಕೂಲ. ಹೊರದೇಶದ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಇಲ್ಲಿ 80ಜಿ, ಅಂದರೆ ಆದಾಯ ತೆರಿಗೆಯ ವಿನಾಯಿತಿ, ಮಾತ್ರ ಇಲ್ಲ.

ಮಂಗಳೂರು ಅಥವಾ ಮಣಿಪಾಲದ ಆಸ್ಪತ್ರೆಯ ಮೂಲಕ ಕೊಟ್ಟರೆ ಸುಳ್ಯದಿಂದಲೋ ಬೈಂದೂರಿನಿಂದಲೋ ಬರುವವರ ಬೋನ್ ಮ್ಯಾರೋ (ಮೂಳೆ ಮಜ್ಜೆ) ಪರೀಕ್ಷೆಗೆ, ಬಸ್ಸಿನ ಖರ್ಚಿಗೆ ಆದೀತು. ಆದರೆ ಅದು ಬೇರೆ ಕಾಯಿಲೆಯವರಿಗೂ ಹೋಗಬಹುದು.

ತಿಳುವಳಿಕೆಯೇ ನಿಮ್ಮ ಉದ್ದೇಶವಾದರೆ ಫೌಂಡೇಶನ್ನೇ ಸರಿ. ಕಣ್ಣೆದುರಿನ ಕಷ್ಟಕ್ಕಾದರೆ ಊರಿನದು. ನಾನಾದರೆ ಊರಿನಲ್ಲೇ ಕೊಟ್ಟು, ತುಳು, ಕನ್ನಡದಲ್ಲಿ ವಿವರಿಸುವ ಆಪ್ತಸಲಹೆಗಾರರಿಗೆ ಬಳಸಿ ಎನ್ನುತ್ತೇನೆ. 80ಜಿ ಬೇಕಾದರೆ ಆಸ್ಪತ್ರೆಗೆ ಅದರ ನೋಂದಣಿ ಇದೆಯಾ ಕೇಳಿ. ನೀವು ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು, 2,000 ರೂಪಾಯಿಗಿಂತ ಜಾಸ್ತಿ ನಗದು ಕೊಡಬೇಡಿ.