ಮಳೆಗಾಲ ದಾಟಿದ ಮಿಂಟ್

ಶಿರಸಿಯಿಂದ ಹತ್ತು ಕಿಲೋಮೀಟರ್ ಒಳಗಿನ ನಮ್ಮನೆಯ ಡೆಸ್ಕ್‌ಟಾಪಿಗೆ ವಾರಸುದಾರರು ನಾಲ್ಕು ಮಂದಿ. ಮಾವನಿಗೆ ತಾಳಮದ್ದಳೆಯ ಅರ್ಥ (ಪಾತ್ರಗಳ ಮಾತು) ಟೈಪ್ ಮಾಡಬೇಕು, ಅತ್ತೆಗೆ ಮಧ್ಯಾಹ್ನದ ಮೇಲೆ ಅಡಿಕೆಯ ರಾಶಿ, ಚಾಲಿ ಧಾರಣೆ ನೋಡಬೇಕು, ಮಗನಿಗೆ ಆಟ, ಇವರಿಗೆ ತೋಟದ ಲೆಕ್ಕ. ಕೆಟ್ಟರೆ ಮಾತ್ರ ಅದು ನನ್ನದು.

2015ರ ಯಂತ್ರ, 4 ಜಿಬಿ ರಾಮ್. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಅದರಲ್ಲಿಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ಹೊಸದು ತರೋಣವೆಂದರೆ ಅಡಿಕೆ ಇನ್ನೂ ಅಟ್ಟದ ಮೇಲೇ ಇತ್ತು. ಆ ಮೇ ರಜೆಯಲ್ಲಿ ವಿಂಡೋಸಿನ ಬದಲು ಹಾಕಬಹುದಾದ ಎರಡು ಉಚಿತ ಲಿನಕ್ಸ್ ವ್ಯವಸ್ಥೆಗಳನ್ನು, ಹಾರ್ಡ್‌ಡಿಸ್ಕ್ ಮುಟ್ಟದೆ ಪೆನ್‌ಡ್ರೈವಿನಿಂದಲೇ ಓಡಿಸಿದೆ: ಎರಡು ದಿನ ಉಬುಂಟು, ಎರಡು ದಿನ ಲಿನಕ್ಸ್ ಮಿಂಟ್. ಉಬುಂಟುವಿನ ಎಡಬದಿಯ ಪಟ್ಟಿ ನೋಡಿ ಅತ್ತೆ "ಇದರ ಸ್ಟಾರ್ಟ್ ಎಲ್ಲಿದ್ದು?" ಎಂದಾಗಲೇ ತೀರ್ಮಾನವಾಯಿತು. ಮಿಂಟಿನಲ್ಲಿ ಪಟ್ಟಿ ಕೆಳಗೆ, ಮೆನು ಎಡಮೂಲೆಯಲ್ಲಿ. ಮಿಂಟಿನ ಸಿನಮನ್ ರೂಪ ನೋಡಲು ಚೆಂದ, ಆದರೆ ಮಗ ಏಳೆಂಟು ಟ್ಯಾಬ್ ತೆರೆದದ್ದೇ ಏದುಸಿರು ಬಿಟ್ಟಿತು. ಅದರ ಹಗುರದ ಎಕ್ಸ್‌ಎಫ್‌ಸಿಇ ರೂಪ ಹಾಕಿದೆ, ಮಿಂಟ್ ಆವೃತ್ತಿ 22.1. 2029ರವರೆಗೆ ಅಪ್‌ಡೇಟ್ ಬರುತ್ತದೆ. ಎಲ್ಲರಿಗೂ ಬೇರೆ ಬೇರೆ ಲಾಗಿನ್ ಕೊಟ್ಟೆ; ಪಾಸ್‌ವರ್ಡ್ ಕೇಳುವ ಇನ್‌ಸ್ಟಾಲ್ ಕೆಲಸ ನನ್ನ ಲಾಗಿನ್ನಿಗೆ ಮಾತ್ರ.

ನಿಜವಾದ ಪರೀಕ್ಷೆ ಮಾವನದು. ಅವರ ಕೈ ಕನ್ನಡ ಟೈಪಿಂಗ್ ತಂತ್ರಾಂಶ ನುಡಿಗೆ ಪಳಗಿದ್ದು. ಭಾಷೆಯ ಸೆಟಿಂಗ್‌ನಲ್ಲಿ ಐಬಸ್ ಎಂಬ ಟೈಪಿಂಗ್ ಸಾಧನ ಹಾಕಿ, ಅದರ ಎಂ17ಎನ್ ಎಂಬ ಕೀಲಿಮಣೆ ಪಟ್ಟಿಯಿಂದ ಕನ್ನಡದ ಕೆಜಿಪಿ ಆರಿಸಿದರೆ ಅದೇ ವಿನ್ಯಾಸ ಬರುತ್ತದೆ. ಕೆಜಿಪಿ ಎಂದರೆ ನುಡಿ ಮಾಡಿದ ಕನ್ನಡ ಗಣಕ ಪರಿಷತ್ತೇ. ಎಫ್ ಒತ್ತಿದಾಗ ಒತ್ತಕ್ಷರ ಬಂತು, ಮಾವ ಕವಳ ಹಾಕಿಕೊಂಡು ಕುಳಿತೇಬಿಟ್ಟರು. ಆದರೆ ಹಳೆಯ ಫೈಲ್ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. "ತಂಗಿ, ಎನ್ನ ಅರ್ಥ ಎಲ್ಲಾ ಎಲ್ಲಿ ಹೋತು?" ಎಂದರು. ಅವೆಲ್ಲ ಈಗಿನ ಸಾರ್ವತ್ರಿಕ ಅಕ್ಷರ ಸಂಕೇತವಾದ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನವು. ಅಂತರ್ಜಾಲದ ಪರಿವರ್ತಕದಲ್ಲಿ ಒಂದೊಂದೇ ಹಾಕಿ ತೆಗೆದೆ. ಕರ್ಣನಿಗೂ ಅರ್ಜುನನಿಗೂ ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿತ್ತು; ಮೂರು ಸಂಜೆ ತಿದ್ದುವುದೇ ಆಯಿತು. ಮನೆಯಲ್ಲಿ ಹಳೆಯ ನುಡಿ ಕಡತವಿದ್ದವರು ವಿಂಡೋಸ್ ಅಳಿಸುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ.

ಜುಲೈಯಲ್ಲಿ ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ನಮ್ಮ ಯುಪಿಎಸ್ ಹೆಸರಿಗಷ್ಟೇ. ಮತ್ತೆ ಹಚ್ಚಿದರೆ ಕಪ್ಪು ಪರದೆ. ಪೆನ್‌ಡ್ರೈವಿನಿಂದ ಏಳಿಸಿ, ವ್ಯವಸ್ಥೆಯ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್‌ನಲ್ಲಿ ಹಿಂದಿನ ದಿನದ ಪ್ರತಿಗೆ (ಸ್ನ್ಯಾಪ್‌ಶಾಟ್) ಮರಳಿಸಿದೆ. ಅನ್ನ ಬೇಯುವಷ್ಟರಲ್ಲಿ ಮೊದಲಿನಂತೆ. ಟೈಮ್‌ಶಿಫ್ಟ್ ತಾನಾಗಿ ಚಾಲೂ ಇರುವುದಿಲ್ಲ, ಮೊದಲ ದಿನವೇ ಹಚ್ಚಿಡಬೇಕು. ಅದು ಕಾಯುವುದು ವ್ಯವಸ್ಥೆಯನ್ನು, ಫೋಟೋ-ದಾಖಲೆಗಳನ್ನಲ್ಲ. ಅವಕ್ಕೆ ಬೇರೆ ಹಾರ್ಡ್‌ಡಿಸ್ಕ್ ಬೇಕು.

ತೋಟದ ಲೆಕ್ಕ ಲಿಬ್ರೆ ಆಫೀಸಿನಲ್ಲಿ ತಕರಾರಿಲ್ಲದೆ ತೆರೆಯಿತು. ಮಗನ ಒಂದು ಆಟ ನಡೆಯಲೇ ಇಲ್ಲ. ಅದರ ಬಗ್ಗೆ ನನಗೇನೂ ಬೇಸರವಿಲ್ಲ. ಹಳೆಯ ಲೇಸರ್ ಪ್ರಿಂಟರ್ ಮಾತ್ರ ಎರಡು ಭಾನುವಾರ ತಿಂದರೂ ಬಗ್ಗಲಿಲ್ಲ. ಮಾವನ ಅರ್ಥ ಈಗ ಪಿಡಿಎಫ್ ಆಗಿ, ಶಿರಸಿ ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಕಾಗದ ಕಾಣುತ್ತದೆ.