70 ಕಿಲೋಮೀಟರ್ ದೂರದ ಆಸ್ಪತ್ರೆಯೋ, ಊರಿನ ಕೀಮೋ ಸೆಂಟರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಮ್ಮ ತುಮಕೂರಿನ ಸಣ್ಣ ಡೇ ಕೇರ್ ಸೆಂಟರಿಗೆ. ಅಮ್ಮನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆದ ಮೇಲೆ 21 ದಿನಕ್ಕೊಂದರಂತೆ 4 ಕೀಮೋ, ಆಮೇಲೆ ವಾರಕ್ಕೊಂದರಂತೆ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಇನ್ನೊಂದು ಕೀಮೋ ಔಷಧಿಯ 12 ಡೋಸು. ಮೊದಲ ಆರು ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ, ಉಳಿದ ಹತ್ತು ಇಲ್ಲಿ.

ದೊಡ್ಡ ಆಸ್ಪತ್ರೆಯ ಗೋಳೆಲ್ಲ ಒಂದೇ ನಿಯಮದ್ದು. ರಕ್ತಪರೀಕ್ಷೆ ಅವರ ಲ್ಯಾಬಿನಲ್ಲೇ, ಅವತ್ತು ಬೆಳಗ್ಗೆಯೇ ಆಗಬೇಕು. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎಷ್ಟಿವೆ ಅನ್ನುವ ‘ಕೌಂಟ್’ ನೋಡದೆ ಕೀಮೋ ಕೊಡುವಂತಿಲ್ಲ, ಅದು ಸರಿಯೇ. ಆದರೆ ಹಿಂದಿನ ದಿನ ಊರಲ್ಲಿ ಮಾಡಿಸಿದ ರಿಪೋರ್ಟ್ ತೋರಿಸಿದರೆ ‘ಹೊರಗಿನದ್ದು ನಡೆಯಲ್ಲ’. ಹಾಗಾಗಿ 5ಕ್ಕೆ ಮನೆ ಬಿಟ್ಟು, 8ಕ್ಕೆ ರಕ್ತ ಕೊಟ್ಟರೆ ರಿಪೋರ್ಟ್ ಬರುವಾಗ ಹತ್ತೂವರೆ. ಅಷ್ಟೊತ್ತಿಗೆ ಡಾಕ್ಟರು ರೌಂಡ್ಸಿಗೆ ಹೋಗಿರುತ್ತಿದ್ದರು. ಅವರ ಸಹಿ, ಆಮೇಲೆ ಬಿಲ್ಲು, ಆಮೇಲೆ ವಿಮೆ ಕಂಪನಿಯ ಒಪ್ಪಿಗೆ. ಅದೆಲ್ಲ ಮುಗಿದ ಮೇಲೇ ಔಷಧಿ ಕಲಸುವುದು. ಕಲಸಿದ್ದನ್ನು ಜಾಸ್ತಿ ಹೊತ್ತು ಇಡುವಂತಿಲ್ಲ, ಅದಕ್ಕೇ ಮುಂಚೆ ಮುಟ್ಟುವುದಿಲ್ಲ.

ಆರನೇ ಸಲ ಸೂಜಿ ಚುಚ್ಚಿದ್ದು ಸಂಜೆ ನಾಲ್ಕೂವರೆಗೆ. ಒಂದು ಗಂಟೆಯ ಡ್ರಿಪ್ಪಿಗೆ ಹದಿನಾರು ಗಂಟೆ ಮನೆ ಬಿಟ್ಟಿದ್ದೆವು. ಅಮ್ಮನಿಗೆ ಸಕ್ಕರೆ ಕಾಯಿಲೆ ಬೇರೆ. ‘ಈಗ ಕರೀತಾರೇನೋ’ ಅಂತ ಊಟದ ಡಬ್ಬಿ ತೆಗೆಯದೆ ಕೂತಿದ್ದವರಿಗೆ ಮೂರು ಗಂಟೆಗೆ ಕೈ ನಡುಗಲು ಶುರುವಾಯಿತು. ಅದಕ್ಕೂ ಮುಂಚೆ ಒಮ್ಮೆ ಇಷ್ಟೆಲ್ಲ ಕಾದು, ಮಧ್ಯಾಹ್ನ ಎರಡಕ್ಕೆ ‘ಕೌಂಟ್ ಕಮ್ಮಿ ಇದೆ, ಮುಂದಿನ ವಾರ ಬನ್ನಿ’ ಅಂದರು. ರಿಪೋರ್ಟ್ ಹತ್ತೂವರೆಗೇ ಬಂದಿತ್ತು, ಅಲ್ವಾ?

ಇಲ್ಲಿ ಹಿಂದಿನ ದಿನವೇ ಪಕ್ಕದ ಬೀದಿಯ ಲ್ಯಾಬಿನಲ್ಲಿ ರಕ್ತ. ರಿಪೋರ್ಟ್ ವಾಟ್ಸಾಪಿನಲ್ಲಿ. ರಾತ್ರಿಯೊಳಗೆ ‘ಬನ್ನಿ’ ಅಥವಾ ‘ಬೇಡ’. ಒಂಬತ್ತೂವರೆಗೆ ಸೂಜಿ, ಊಟಕ್ಕೆ ಮನೆ. ಒಂದು ವಾರ ಇಲ್ಲೂ ಕೌಂಟ್ ಕಮ್ಮಿ ಬಂತು. ಅಮ್ಮ ಟಿವಿ ಮುಂದೆ ಕೂತಲ್ಲೇ ‘ಸರಿ ಬಿಡು’ ಅಂದರು.

ಎಸಿ, ಕುರ್ಚಿ, ಕ್ಯಾಂಟೀನು ದೊಡ್ಡ ಆಸ್ಪತ್ರೆಯದೇ ಮೇಲು. ನರ್ಸುಗಳು ಎರಡೂ ಕಡೆ ಚಿನ್ನದಂಥವರು.

ಸಣ್ಣದರಲ್ಲಿ ಐಸಿಯು ಇಲ್ಲ. ಪ್ಯಾಕ್ಲಿಟ್ಯಾಕ್ಸೆಲ್‌ಗೆ ಅಲರ್ಜಿ ಆಗುವುದಾದರೆ ಹೆಚ್ಚಾಗಿ ಮೊದಲೆರಡು ಡೋಸಿನಲ್ಲೇ ಆಗುತ್ತದೆ. ಅದಕ್ಕೇ ಡಾಕ್ಟರನ್ನು ಕೇಳಿ ಆ ಎರಡನ್ನು ಬೆಂಗಳೂರಲ್ಲೇ ಮುಗಿಸಿ ಬಂದೆವು. ವಿಮೆ ಕಂಪನಿಯೇ ನೇರವಾಗಿ ಬಿಲ್ಲು ಕಟ್ಟುವ ಕ್ಯಾಶ್‌ಲೆಸ್ ಕೂಡ ಇಲ್ಲ. ಕೈಯಿಂದ ಕಟ್ಟಿ, ಬಿಲ್ಲು ಕಳಿಸಿ, ದುಡ್ಡಿಗೆ ಒಂದೂವರೆ ತಿಂಗಳು ಕಾದೆ. ಚೀಟಿ ಎತ್ತಿದ ಹಣ ಇತ್ತು, ನಡೆಯಿತು. ಇಲ್ಲದಿದ್ದರೆ ಬೆಂಗಳೂರಿನ ಬೆಂಚೇ ಗತಿ. ನಾನು ಮೇಷ್ಟ್ರು. ವಾರಕ್ಕೆ ಅರ್ಧ ದಿನ ರಜೆ ಸಿಗುತ್ತದೆ, ಪೂರ್ತಿ ದಿನ ಸಿಗುವುದಿಲ್ಲ.

ಈ ಸೆಂಟರಿನಲ್ಲಿ ರೇಡಿಯೇಷನ್ ಇಲ್ಲ. ಮುಂದಿನ ತಿಂಗಳಿಂದ ಮತ್ತೆ ಬೆಂಗಳೂರು, 15 ದಿನ. ಚೀಟಿಯಲ್ಲಿ ಸಮಯ 8:20 ಅಂತ ಬರೆದುಕೊಟ್ಟಿದ್ದಾರೆ. ಅಮ್ಮ ಈಗಲೇ ಎರಡು ಡಬ್ಬಿ ತೊಳೆದಿಟ್ಟಿದ್ದಾರೆ.